ಬಣ್ಣ ಬರಬಾರದ ಸೀಸೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನಪ್ಪನಿಗೆ ಮುಚ್ಚಿದ ಮಾಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಚೀಲ ಬಿಚ್ಚಬೇಕು, ಕಾಯಿ ಮುರಿದು ಮೂಸಬೇಕು, ಬಣ್ಣ ನೋಡಬೇಕು. ಬೀಗರು ತಂದ ಪೇಢೆಯ ಡಬ್ಬಿಗೂ ಅದೇ ಮರ್ಯಾದೆ.

ಅವತ್ತು ನಾನು ಸ್ನಾನಕ್ಕೆ ಹೋದಾಗ ಅವನ ಕೈಗೆ ಸಿಕ್ಕಿದ್ದು ನನ್ನ ಸೀಸೆ. ರಾಣೆಬೆನ್ನೂರಿನ ಹಳೆಯ ವರ್ಕ್‌ಶಾಪೊಂದರ ಹಿಂದಿನ ಚರಂಡಿಯ ಕೆಸರಿನಿಂದ ಕಾಲೇಜಿನ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾ ಅದರಲ್ಲಿದ್ದವು. ಯಂತ್ರದ ಜಿಡ್ಡು ತೊಳೆಯುವ ಕ್ಲೋರಿನ್ ಇರುವ ದ್ರಾವಕ ನೆಲಕ್ಕಿಳಿದರೆ ಬಾವಿ ಕೆಡುತ್ತದೆ. ಇವು ಆ ಕ್ಲೋರಿನ್ನನ್ನು ಕಿತ್ತು ಬದುಕುತ್ತವೆ. ಪೂರ್ತಿ ಕೀಳುವ ಜೀನ್ ಇವುಗಳಲ್ಲಿದೆಯೇ ಎಂದು ತಿಳಿಯಲು ಜೀನೋಮ್ ಓದಿಸಬೇಕಿತ್ತು. ಸಂಜೆ ಧಾರವಾಡಕ್ಕೆ ಒಯ್ಯಲೆಂದು ಮನೆಗೆ ತಂದಿದ್ದೆ. ಇದ್ದದ್ದು ಒಂದೇ ಸೀಸೆ. ಇವುಗಳಿಗೆ ಗಾಳಿಯೇ ವಿಷ. ಗಾಳಿ ಹೊಕ್ಕರೆ ಗುಲಾಬಿಯಾಗುವ ಸೂಚಕವನ್ನೂ ಹಾಕಿದ್ದೆ.

ಹೊರಬಂದು ನೋಡಿದರೆ ಅಪ್ಪ ಚಾಕುವಿನಿಂದ ಮುಚ್ಚಳ ಎಬ್ಬಿಸಿ, ಮೂಸಿ, ಅಲುಗಾಡಿಸುತ್ತಿದ್ದ.

"ಹೊಲಸು ನಾರತೈತಿ ಖರೇ. ಆದ್ರ ಬಣ್ಣ ನೋಡವ್ವಾ, ಎಷ್ಟ್ ಛಲೋ ಬಂತು!"

"ಅಪ್ಪಾ, ಅವನ್ನ ಕೊಂದಬಿಟ್ಟಿ!"

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಆಮೇಲೆ ಬುದ್ಧಿ ಬಂತು. ಜೀವ ಹೋದರೂ ಡಿಎನ್‌ಎ ಆ ಕ್ಷಣಕ್ಕೇ ಕೆಡುವುದಿಲ್ಲ, ತಂಪಾಗಿಟ್ಟು ಬೇಗ ಒಯ್ಯಬೇಕು ಅಷ್ಟೇ. "ಬರ್ಫ ತಾ, ಲಗೂ!" ಎಂದೆ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಜ್ಯೂಸ್ ಅಂಗಡಿಗೆ ಓಡಿದ.

ರೈಲಿನಲ್ಲಿ ಬರ್ಫಿನ ಡಬ್ಬಿ ಅವನ ತೊಡೆಯ ಮೇಲೇ ಇತ್ತು. ಹಾವೇರಿ ದಾಟಿದ ಮೇಲೆ ಮೆಲ್ಲಗೆ ಕೇಳಿದ: "ಸತ್ತದ್ದು ಏನ್ ಹೇಳತೈತವ್ವಾ?"

"ಏನೇನ್ ಮಾಡಾಕ ಬರ್ತಿತ್ತು ಅನ್ನೂದು ಅದರ ಮೈಯಾಗ ಇನ್ನೂ ಐತಪ್ಪಾ."

ಹೇಳಿದ ಹಾಗೇ ಆಯಿತು. ಜೀನ್ ಇತ್ತು, ಇಡಿಯಾಗಿಯೇ ಇತ್ತು. ಆ ಕೆಸರಿನ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ. ಆದರೆ ಸತ್ತವು ಯಾರ ಬಾವಿಯನ್ನೂ ತೊಳೆಯುವುದಿಲ್ಲ. ಹಾಗಾಗಿ ಅದೇ ಚರಂಡಿಗೆ ಮತ್ತೆ ಇಳಿದು ಕೆಸರು ತಂದೆ. ದಂಡೆಯ ಮೇಲೆ ನಿಂತಿದ್ದ ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಹೊಸ ಸೀಸೆ ಈಗ ಲ್ಯಾಬಿನಲ್ಲಿದೆ. ದಿನಾ ಸಂಜೆ ಮಾರ್ಕೆಟಿನಿಂದ ಅಪ್ಪನ ಫೋನು ಬರುತ್ತದೆ.

"ಬಣ್ಣ ಬಂದಿಲ್ಲ ಹೌದಿಲ್ಲೋ?"

"ಇಲ್ಲಪ್ಪಾ, ತಿಳಿ ಐತಿ."

"ಛಲೋ ಆತು ಬಿಡವ್ವಾ," ಎನ್ನುತ್ತಾನೆ, ಜೀವಮಾನವಿಡೀ ಬಣ್ಣ ನೋಡಿಯೇ ಬೆಲೆ ಕಟ್ಟಿದ ಮನುಷ್ಯ.