ತಮ್ಮ ಬೆಸೆದ ಗೇರು, ಅಕ್ಕ ಬಿಡಿಸುವ ಪಾಡು

ಮತ್ತಿಕೆರೆಯ ಹಿಂದಿನ ಗಲ್ಲಿಗೆ ಇನ್ನೂ ಬಿಸಿಲು ಇಳಿದಿಲ್ಲ. ಶೆಡ್ಡಿನೊಳಗೆ ರಾಣಿ ಒಂದು ಹಳೇ ಓಮ್ನಿ ವ್ಯಾನಿನ ಅಡಿಗೆ ತೂರಿಕೊಂಡಿದ್ದಾರೆ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೇರುಪೆಟ್ಟಿಗೆ ಬಿಚ್ಚಿ ಟಾರ್ಚ್ ಹಿಡಿದವರೇ ಹಣೆ ಚಚ್ಚಿಕೊಳ್ಳುತ್ತಾರೆ. ಒಳಗಿನ ಪುಟ್ಟ ಗೇರುಗಳನ್ನು ಯಾರೋ ವೆಲ್ಡಿಂಗ್ ಮಾಡಿ ಒಂದೇ ಮುದ್ದೆ ಮಾಡಿದ್ದಾರೆ.

"ಇದೇನ್ ಗೇರಾ, ಬೆಲ್ಲದ ಅಚ್ಚಾ? ಮೊಬೈಲಲ್ಲಿ ವಿಡಿಯೋ ನೋಡೋದು, ವೆಲ್ಡಿಂಗ್ ಹೊಡ್ಸೋದು. ಆಮೇಲೆ 'ಅಕ್ಕಾ, ಗಾಡಿ ಎಗರ್ತೈತೆ' ಅಂತ ನನ್ನತ್ರ ಬರೋದು!"

ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಇನ್ನೊಂದು ಅಲುಗುವುದಿಲ್ಲ. ಗೇರು ಬೆಸೆದರೆ ಎರಡೂ ಒಟ್ಟಿಗೆ ತಿರುಗಿ ಗಾಡಿ ಮೇಲೆ ಬರುತ್ತದೆ, ನಿಜ. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಬೆಸೆದ ಗೇರು ಅದಕ್ಕೆ ಬಿಡದೆ ಟಯರು ಕಿರುಚುತ್ತದೆ, ಚಕ್ರ ತಿರುಗಿಸುವ ಆಕ್ಸಲ್ ಮುರಿಯುತ್ತದೆ.

ಶೆಡ್ಡು ತಂದೆ ಬ್ಯಾಟರಾಯಪ್ಪನವರದು. ಅವರು ಲಾರಿ ಆಕ್ಸಲ್ ರಿಪೇರಿ ಮಾಡುವಾಗ ಸ್ಪ್ಯಾನರ್ ಕೊಡುತ್ತಲೇ ರಾಣಿ ಕೆಲಸ ಕಲಿತರು. ಈಗ ಶೆಡ್ಡಿನ ಹಿಂದಿನ ಅರ್ಧ ರಾಣಿಯದು. ಮುಂದಿನ ಅರ್ಧದಲ್ಲಿ ತಮ್ಮ ಮುನೇಶ್ ಕಿಟಕಿ ಗ್ರಿಲ್ ವೆಲ್ಡಿಂಗ್ ಮಾಡುತ್ತಾನೆ. "ಮೆಕ್ಯಾನಿಕ್ ಇಲ್ವಾಮ್ಮ?" ಎಂದು ರಾಣಿಯನ್ನೇ ಕೇಳುವವರು ಇವತ್ತಿಗೂ ಇದ್ದಾರೆ. ಆಕೆ ಸ್ಪ್ಯಾನರ್ ಎತ್ತಿಕೊಂಡು ಅವರ ಗಾಡಿಯ ಅಡಿಗೆ ತೂರುತ್ತಾರೆ.

ಕಳೆದ ಮಳೆಗಾಲದಲ್ಲಿ ಅಬ್ಬಿಗೆರೆಯ ಸರಳಾ ಬಂದರು. ಕಟ್ಟಡ ಕೆಲಸದವರಿಗೆ ವ್ಯಾನಿನಲ್ಲಿ ಇಡ್ಲಿ ಒಯ್ದು ಮಾರುವವರು. ಹೊಸ ಲೇಔಟಿನ ಕೆಸರಿನಲ್ಲಿ ವ್ಯಾನು ದಿನಾ ಹೂತುಕೊಳ್ಳುತ್ತಿತ್ತು. ರಾಣಿ ಬಿಡಿಭಾಗ ತರಲು ಯಶವಂತಪುರಕ್ಕೆ ಹೋಗಿದ್ದ ಹೊತ್ತು. ಸರಳಾ ಅವರ ಗೋಳು ಕೇಳಲಾರದೆ ಮುನೇಶನೇ ಗೇರು ಬೆಸೆದುಕೊಟ್ಟ. ಒಂದು ವಾರ ಸರಳಾ ಅವನನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಒಂದು ಬೆಳಿಗ್ಗೆ ಟಾರು ರಸ್ತೆಯ ತಿರುವಿನಲ್ಲಿ ಆಕ್ಸಲ್ ಮುರಿದು ವ್ಯಾನು ಮೋರಿಗೆ ವಾಲಿತು. ಪಕ್ಕದ ಸೀಟಿನಲ್ಲಿದ್ದ ಸಾಂಬಾರಿನ ಪಾತ್ರೆ ಮಗುಚಿ ಸರಳಾ ಅವರ ಎಡಗೈ ಸುಟ್ಟಿತು.

"ಮುನೇಶನ್ನ ನಾನು ಬೈಯ್ಲಿಲ್ಲ. ಮಾತೇ ಬಿಟ್ಬಿಟ್ಟೆ. ಬೈದಿದ್ರೆ ಚೆನ್ನಾಗಿತ್ತು ಅಂತಾನೆ ಈಗ," ಎನ್ನುತ್ತಾರೆ ರಾಣಿ.

ಅವರು ಗುಜರಿಯಿಂದ ಬೇರೆ ಗೇರು ಹುಡುಕಿ ತಂದು ವ್ಯಾನು ಸರಿಮಾಡಿದರು. ಸರಳಾ ಅವರ ಕೈ ವಾಸಿಯಾಗುವವರೆಗೆ ಮುನೇಶನೇ ಅದನ್ನು ಓಡಿಸಿ ಇಡ್ಲಿ ಮುಟ್ಟಿಸಿದ. ಕೆಸರು ಬಂದರೆ ಚಕ್ರದ ಕೆಳಗೆ ಗೋಣಿಚೀಲ ಹಾಸಿ, ಹ್ಯಾಂಡ್‌ಬ್ರೇಕ್ ಒಂಚೂರು ಎಳೆದು ಗಿರಗಿರ ತಿರುಗುವ ಚಕ್ರ ತಡೆದು, ಮೆಲ್ಲಗೆ ಹತ್ತಿಸುವುದನ್ನು ರಾಣಿ ಇಬ್ಬರಿಗೂ ಕಲಿಸಿದರು.

ಈಗ ಗೇರು ಬೆಸೆಸಲು ಬಂದವರನ್ನು ಮುನೇಶ್ ವಾಪಸ್ ಕಳಿಸುತ್ತಾನೆ. "ಆಗಲ್ಲ ಗುರು, ಅಕ್ಕನ್ನ ಕೇಳು." ಅವರು ಕೇಳುವುದಿಲ್ಲ. ಬೇರೆ ಕಡೆ ಬೆಸೆಸಿಕೊಂಡು, ಮುರಿದ ಮೇಲೆ ಇಲ್ಲಿಗೇ ಬರುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ರಾಣಿ ವ್ಯಾನಿನ ಅಡಿಯಿಂದಲೇ ಸಿಡುಕುತ್ತಾರೆ: "ಗಾಡಿ ತಿರುವಲ್ಲಿ ಸದ್ದಿಲ್ದೆ ತಿರುಗಿದ್ರೆ ಯಾರೂ ನನ್ನ ನೆನೆಯಲ್ಲ. ನೆನೀಲೇಬೇಡಿ. ಸದ್ದಿಲ್ದೆ ತಿರುಗ್ಲಿ, ಅಷ್ಟೇ ಕಣ್ರೀ."