ಶಾಕಬ್ಸರ್ ಪಾಲಣ್ಣ

ಪಾಲಣ್ಣನ ಅಂಗಡಿಯಲ್ಲಿ "ಹೊಸದು ಹಾಕಿಬಿಡಿ" ಅಂದವರಿಗೆ ಕೂರಲು ಸ್ಟೂಲು ಸಿಗುತ್ತಿರಲಿಲ್ಲ. ಕೂತಿದ್ದವರು ಹಾಗೆಂದರೆ ಎಬ್ಬಿಸುತ್ತಿದ್ದ. "ಏಳ್ರಿ ಸ್ವಾಮಿ, ಹೊಸದು ಮಾರೋ ಅಂಗ್ಡಿ ಮುಂದ್ಲ ಸರ್ಕಲ್‌ನಾಗೈತೆ, ಅಲ್ಲಿ ಮೆತ್ತನೆ ಕುರ್ಚಿ ಹಾಕವ್ರೆ" ಎಂದು ಸ್ಟೂಲನ್ನು ಎತ್ತಿ ಒಳಗಿಡುತ್ತಿದ್ದ. ಹಿರಿಯೂರಿನಲ್ಲಿ ಅವನಷ್ಟು ಗಿರಾಕಿಗಳನ್ನು ಓಡಿಸಿದ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ. ಅವನಷ್ಟು ಕೈತುಂಬ ಕೆಲಸವಿದ್ದವನೂ ಇರಲಿಲ್ಲ.

ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ತಗಡಿನ ಶೆಡ್ಡು. ಮೊಪೆಡ್ಡು, ಬೈಕುಗಳ ಶಾಕಬ್ಸರ್ ಬಿಚ್ಚಿ ಕಟ್ಟುವುದು ಅವನ ಕಸುಬು. ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ. ಮೀಸೆ ಚಿಗುರುವ ತನಕ ಕುರಿ ಹಿಂದೆ ತಿರುಗಿದವನು. ಐವತ್ತು ದಾಟಿದ ಮೇಲೂ, ಸುಡುವ ಬೇಸಿಗೆಯಲ್ಲೂ ಹೆಗಲ ಮೇಲೆ ಕರಿ ಕಂಬಳಿ ಇಲ್ಲದೆ ಅಂಗಡಿಗೆ ಬಂದವನಲ್ಲ. ಯಾರಾದರೂ ನಕ್ಕರೆ, "ಹೊದ್ದಿರೋನು ನಾನು, ನಿಮಗ್ಯಾಕೆ ಸೆಕೆ?" ಎನ್ನುತ್ತಿದ್ದ.

ನಾನು ಜವನಗೊಂಡನಹಳ್ಳಿಯವಳು. ಪಿಯುಸಿ ಓದುವಾಗ ನನಗೆ ಗುಡ್ಡದ ಸೈಕಲ್ ರೇಸಿನ ಹುಚ್ಚು ಹಿಡಿಯಿತು. ಕಲ್ಲು, ಕೊರಕಲು, ಏರು, ಇಳಿಜಾರು ಎನ್ನದೆ ಕಾಲುದಾರಿಯಲ್ಲಿ ಓಡಿಸುವ ರೇಸು ಅದು. ನನ್ನ ಸೋದರಮಾವ ಯಾರೋ ಓಡಿಸಿ ಬಿಟ್ಟಿದ್ದ ಸೈಕಲ್ಲೊಂದನ್ನು ತಂದುಕೊಟ್ಟಿದ್ದ. ಅದರ ಮುಂದಿನ ಚಕ್ರವನ್ನು ಹಿಡಿದ ಫೋರ್ಕಿಗೆ ಎರಡು ಕಾಲು. ಒಂದರೊಳಗೆ ಗಾಳಿ, ಇನ್ನೊಂದರೊಳಗೆ ಎಣ್ಣೆ. ಗುಂಡಿಗೆ ಬಿದ್ದಾಗ ಕುಸಿದು ಮತ್ತೆ ಏಳಬೇಕಾದ ಆ ಫೋರ್ಕು ಒಮ್ಮೆ ಕುಸಿದರೆ ಕುಸಿದೇ ಇರುತ್ತಿತ್ತು. ಪೇಟೆಯ ಶೋರೂಮಿನವನು ಮುಟ್ಟಿಯೂ ನೋಡದೆ, "ಇದು ಗುಜರಿಗೆ, ಹೊಸದು ಹಾಕ್ಸಿ" ಅಂದುಬಿಟ್ಟ. ಅಲ್ಲಿಂದ ಸೈಕಲ್ ತಳ್ಳಿಕೊಂಡು ಪಾಲಣ್ಣನ ಶೆಡ್ಡಿಗೆ ಬಂದೆ.

ಅವನು ಹ್ಯಾಂಡಲ್ ಹಿಡಿದು, ಕಣ್ಣು ಮುಚ್ಚಿ ಮೂರು ಸಲ ಒತ್ತಿದ. "ಇದು ಸತ್ತಿಲ್ಲ ಕಣವ್ವ, ಉಸಿರು ಕಟ್ಟೈತೆ ಅಷ್ಟೆ" ಎಂದ. ಅಂಥ ಫೋರ್ಕನ್ನು ಅವನು ಅದುವರೆಗೆ ಬಿಚ್ಚಿರಲಿಲ್ಲ. ಅದನ್ನು ಅವನೇ ಹೇಳಿದ. ವಾರದ ಮೇಲೆ ಅದು ಎದ್ದು ನಿಂತಿತ್ತು.

ಆದರೆ ಸೈಕಲ್ ಕೈಗೆ ಕೊಡಲಿಲ್ಲ. "ಉಂಡು ಬಂದೀಯಾ?" ಅಂದ. ಇಲ್ಲವೆಂದೆ. "ಹೋಗು, ಉಂಡ್ಕಂಡು ಬಾ. ರೇಸಿನ ಬೂಟು, ಹೆಲ್ಮೆಟ್ಟು, ನೀರಿನ ಬಾಟ್ಲಿ ಎಲ್ಲಾ ತಗಂಡು ಬಾ. ಗಾಳಿ ತುಂಬೋದು ನಿನ್ನ ಭಾರಕ್ಕೆ, ಕಂಪ್ನಿಯೋರು ಬರ್ದಿರೋ ಭಾರಕ್ಕಲ್ಲ." ಬಸ್ಸು ಹತ್ತಿ ಊರಿಗೆ ಹೋಗಿ, ಮುದ್ದೆ ಉಂಡು, ಎಲ್ಲ ಹೊತ್ತು ಬಂದೆ. ಸಿಟ್ಟು ಬಂದಿತ್ತು. ಪಾಲಣ್ಣ ಕಂಬಳಿಯ ಅಂಚಿನಿಂದ ಒಂದೆಳೆ ಉಣ್ಣೆ ಕಿತ್ತು ಫೋರ್ಕಿನ ನುಣುಪು ಕಾಲಿಗೆ ಬಿಗಿಯಾಗಿ ಸುತ್ತಿ, ಕೆಳಕ್ಕೆ ಸರಿಸಿ, ನನ್ನನ್ನು ಮೆಲ್ಲಗೆ ಹತ್ತಿಸಿ ಇಳಿಸಿದ. ನನ್ನ ಭಾರಕ್ಕೆ ಕಾಲು ಕುಸಿದಷ್ಟೂ ಎಳೆ ಮೇಲಕ್ಕೆ ಸರಿದಿತ್ತು. ಅದು ಒಂದು ಹೆಬ್ಬೆಟ್ಟಿನಗಲ ಇರಬೇಕು ಎಂದು ಅವನ ಲೆಕ್ಕ. ಹೆಚ್ಚಾದರೆ ಗಡಿಯಾರದಂಥ ಮೀಟರಿದ್ದ ಸಣ್ಣ ಕೈಪಂಪಿನಲ್ಲಿ ಗಾಳಿ ತುಂಬುವನು, ಕಡಿಮೆಯಾದರೆ ಬಿಡುವನು. ಹತ್ತು ಸಲ ಹತ್ತಿ ಇಳಿದಿರಬೇಕು ನಾನು.

ಆಮೇಲೆ ಕುಸಿದದ್ದು ಏಳುವ ವೇಗ. ಅದಕ್ಕೆ ಎಣ್ಣೆಯ ಕಾಲಿನ ತುದಿಯಲ್ಲೊಂದು ತಿರುಪು. ನನ್ನನ್ನು ಮೆಟ್ಟಿಲಿನಿಂದ ಇಳಿಸಿ ನೋಡುತ್ತ ಹೇಳಿದ: "ಬಲಿತ ಕುರಿ ಬೇಲಿ ಹಾರಿ ಹೆಂಗೆ ನಿಂತ್ಕಂತೈತೆ? ಹಂಗೆ ಒಂದೇ ಸಾರಿ ಎದ್ದು ನಿಲ್ಲಬೇಕು. ಮರಿ ಕುಣ್ದಂಗೆ ಕುಣೀಬಾರ್ದು."

ಆ ವರ್ಷ ಜಿಲ್ಲಾ ತಂಡಕ್ಕೆ ಇಬ್ಬರು ಹುಡುಗಿಯರನ್ನು ಆರಿಸುವುದಿತ್ತು. ಚಿತ್ರದುರ್ಗದ ಗುಡ್ಡದಲ್ಲಿ ಒಂದೇ ರೇಸು. ನನಗೆ ಬೇರೇನೂ ಬೇಕಿರಲಿಲ್ಲ, ಆ ತಂಡದಲ್ಲಿ ನನ್ನ ಹೆಸರಿರಬೇಕಿತ್ತು. ರೇಸಿಗೆ ಹತ್ತು ದಿನವಿದ್ದಾಗ ಪಾಲಣ್ಣ ಫೋರ್ಕನ್ನು ಬಿಚ್ಚಿ, ತೊಳೆದು, ಎಣ್ಣೆ ಬದಲಿಸಿಕೊಟ್ಟ. ಎರಡನೇ ದಿನ ಚಿತ್ರದುರ್ಗದ ಅದೇ ಗುಡ್ಡದಲ್ಲಿ ಅಭ್ಯಾಸ ಮಾಡುವಾಗ, ಇಳಿಜಾರಿನ ನಡುವೆ ಕುಸಿದ ಫೋರ್ಕು ಮೇಲೇಳಲೇ ಇಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಗದ್ದಕ್ಕೆ ನಾಲ್ಕು ಹೊಲಿಗೆ. ತಂಡ ಆರಿಸಬೇಕಿದ್ದ ಜಿಲ್ಲೆಯ ತರಬೇತುದಾರರು ಎಲ್ಲರೆದುರು, "ಆ ಡಬ್ಬಾ ಫೋರ್ಕ್ ಬದಲಾಯಿಸದೆ ರೇಸಿನ ದಿನ ನಿನ್ನ ಲೈನಿಗೆ ಬಿಡಲ್ಲ. ಮೊದಲು ಹ್ಯಾಂಡಲ್ ಹಿಡಿಯೋದು ಕಲಿ" ಅಂದರು.

ಸೈಕಲ್ಲನ್ನು ಪಾಲಣ್ಣನ ಶೆಡ್ಡಿನಲ್ಲಿ ಬಿಸಾಕಿ ಬಂದೆ. ಮಾರನೇ ದಿನ ಅವನೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಅಮ್ಮ ಕೊಟ್ಟ ಕಾಫಿ ಮುಟ್ಟದೆ, "ಅಕ್ಕಾ, ತಪ್ಪು ನಂದು. ಮಗೀದಲ್ಲ, ಸೈಕಲ್‌ದೂ ಅಲ್ಲ. ಈ ಸಾರಿ ಮೊಪೆಡ್ ಸಾಮಾನು ತೊಳ್ದಂಗೆ ಶಾಕಿನೊಳಗ್ಲ ರಬ್ಬರ್ ಬಳೆಗಳನ್ನ ಪೆಟ್ರೋಲ್‌ನಾಗೆ ತೊಳ್ದುಬಿಟ್ಟೆ. ಉಬ್ಬಿ ಹಿಡ್ಕಂಡ್ವು" ಎಂದ. ಮೂವತ್ತು ವರ್ಷದ ಕೈಯಭ್ಯಾಸ ಅದು; ನಮ್ಮ ಕಡೆ ಯಾವ ಮೆಕ್ಯಾನಿಕ್ ಆದರೂ ಹಾಗೇ ತೊಳೆಯುತ್ತಾನೆ. ಅಮ್ಮನಿಗೆ ರಬ್ಬರ್ ಗೊತ್ತಾಗಲಿಲ್ಲ, ತಪ್ಪೊಪ್ಪಿಕೊಂಡದ್ದು ಗೊತ್ತಾಯಿತು. ಕಾಫಿ ಕುಡಿಯಲೇಬೇಕೆಂದು ಪಟ್ಟು ಹಿಡಿದಳು.

ಬೆಂಗಳೂರಿನಿಂದ ಪಾರ್ಸಲ್‌ನಲ್ಲಿ ರಬ್ಬರ್ ಬಳೆಗಳು ಬಂದವು. ಈ ಸಲ ಸೋಪಿನ ನೀರು, ಹತ್ತಿ ಬಟ್ಟೆ. ರೇಸಿನ ದಿನ, ಭಾನುವಾರ ಬೆಳಿಗ್ಗೆ ಪಾಲಣ್ಣ ನನ್ನ ಜೊತೆ ಚಿತ್ರದುರ್ಗಕ್ಕೆ ಬಂದು ತರಬೇತುದಾರರ ಎದುರು ನಿಂತ. "ಸಾರ್, ಮಗು ಬಿದ್ದಿದ್ದು ನನ್ನಿಂದ. ಬೈಯೋದಾದ್ರೆ ನನಗೆ ಬೈರಿ. ಶಾಕು ಈಗ ಸರಿ ಐತೆ."

"ನಿಮ್ಮ ಮಾತು ನಂಬಿ ಹುಡುಗಿ ಮತ್ತೆ ಬಿದ್ರೆ?" ಎಂದರು ಅವರು.

"ನಂಬಬ್ಯಾಡ್ರಿ. ಕೆಡ್ಸಿದೋನು ನಾನು, ಮೊದ್ಲು ನಾನೇ ಇಳೀತೀನಿ, ನೋಡ್ರಿ."

ಅವನು ನನಗಿಂತ ಇಪ್ಪತ್ತು ಕಿಲೋ ಹೆಚ್ಚು. ಆ ಆತಂಕದಲ್ಲೂ ಕೆಲಸ ಬಿಡಲಿಲ್ಲ. ಪಂಪು ತೆಗೆದು ತನ್ನ ಭಾರಕ್ಕೆ ಗಾಳಿ ಏರಿಸಿ, ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಚ್ಚೆ ಹಾಕಿದ. ನಾನು ಬಿದ್ದಿದ್ದ ಆ ಇಳಿಜಾರಿನಲ್ಲೇ ಇಳಿದ. ಹುಡುಗರು ಹೋ ಎಂದು ನಗುತ್ತಿದ್ದರು. ನಡುವಿನ ದೊಡ್ಡ ಕಲ್ಲಿನ ಮೇಲೆ ಫೋರ್ಕು ಕುಸಿದು ಒಂದೇ ಸಲಕ್ಕೆ ಎದ್ದು ನಿಂತಿತು. ನಗು ನಿಂತಿತು. ಕೆಳಗಿಂದ ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತ ಬಂದವನು ಅವರೆದುರೇ ಗಾಳಿ ಇಳಿಸಿ, ನನ್ನನ್ನು ಹತ್ತಿಸಿ, ಹೆಬ್ಬೆಟ್ಟಿನಗಲ ನೋಡಿ, "ಈಗ ನಿಂದು" ಎಂದ. ತರಬೇತುದಾರರು ಲೈನಿಗೆ ಬಿಟ್ಟರು.

ನಾನು ಮೂರನೆಯವಳಾದೆ. ಬೇಕಿದ್ದದ್ದು ಇಬ್ಬರೇ.

"ಹೊಸ ಫೋರ್ಕ್ ಇದ್ದಿದ್ರೆ ಎರಡನೇ ಸ್ಥಾನ ಸಿಕ್ತಿತ್ತು" ಎಂದರು ತರಬೇತುದಾರರು. ಆ ಮಾತು ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಬಸ್ಸಿನಲ್ಲಿ ಅದನ್ನೇ ಪಾಲಣ್ಣನಿಗೆ ಹೇಳಿದೆ.

"ಇಳಿಜಾರ್‌ನಾಗೆ ನಿನ್ನ ಯಾರಾದ್ರೂ ದಾಟಿದ್ರಾ?"

"ಇಲ್ಲ."

"ಎಲ್ಲಿ ದಾಟಿದ್ರು?"

"ಕಡೇ ಏರಿನಲ್ಲಿ."

"ಏರಿನಾಗೆ ಶಾಕಿಂದೇನು ಕೆಲ್ಸ? ಸೋತಿದ್ದು ನಿನ್ನ ಕಾಲು. ನನ್ನ ತಪ್ಪು ನಾನು ಹೇಳ್ದೆ. ನಿಂದು ನೀನು ಹೇಳು."

ಐಮಂಗಲ ದಾಟುವವರೆಗೂ ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಮೂರು ತಿಂಗಳು ಅವನ ಶೆಡ್ಡಿನತ್ತ ತಲೆ ಹಾಕಲಿಲ್ಲ, ಎದುರಾದರೆ ಮುಖ ತಿರುಗಿಸಿದೆ. ಆದರೆ ದಿನಾ ಬೆಳಿಗ್ಗೆ ಏರು ಹತ್ತಿದೆ. ಹತ್ತುವಾಗೆಲ್ಲ ಅವನನ್ನು ಬೈದುಕೊಂಡೇ ಹತ್ತಿದೆ, ಆ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ನಾಲ್ಕನೇ ತಿಂಗಳು ಫೋರ್ಕು ಎಣ್ಣೆ ಕಾರತೊಡಗಿದಾಗ ನಾನೇ ಹೋದೆ. ಏನೂ ಆಗದವನಂತೆ ಸ್ಟೂಲು ಸರಿಸಿ, "ಕುಂತ್ಕ" ಎಂದ.

ಮರುವರ್ಷ ಅದೇ ಗುಡ್ಡ, ಅದೇ ಫೋರ್ಕು, ಎರಡನೇ ಸ್ಥಾನ.

ಈಗ ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಆಟದ ಮೇಡಂ. ಭಾನುವಾರ ಶ್ರೀರಾಂಪುರದ ಕಡೆ ಅದೇ ಸೈಕಲ್ ಓಡಿಸುತ್ತೇನೆ. "ಇನ್ನೂ ಅದೇನಾ ಮೇಡಂ?" ಎನ್ನುವವರಿದ್ದಾರೆ. ಹೌದು, ಅದೇ. ಬಿಚ್ಚಿ ತೊಳೆದು ಕಟ್ಟುವುದೂ ನಾನೇ. ಪಾಲಣ್ಣನ ಶೆಡ್ಡಿದ್ದಲ್ಲಿ ಎಳನೀರು ಮಾರುತ್ತಾರೆ. ನಾನು ತಂಡಕ್ಕೆ ಆಯ್ಕೆಯಾದ ಮರುತಿಂಗಳೇ ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು.

ಕಡೆಯ ಸಲ ನೋಡಿದ್ದು ಆಯ್ಕೆಯಾದ ದಿನ ಸಂಜೆ. ಬಸ್ಸಿಳಿದವಳೇ ಶೆಡ್ಡಿಗೆ ಓಡಿ, "ಪಾಲಣ್ಣ, ನಾವು ಗೆದ್ವಿ" ಅಂದೆ. ಅವನು ಮೊಪೆಡ್ಡಿನ ಶಾಕಬ್ಸರಿನಿಂದ ಕಣ್ಣೆತ್ತದೆ ಕೇಳಿದ:

"ಸೋತಿದ್ರೆ ಯಾರ್ ತಪ್ಪು ಅಂತಿದ್ದೆ?"

"ನಂದೇ" ಅಂದೆ.

"ಹಂಗಾರೆ ಗೆದ್ದಿದ್ದೂ ನಿಂದೇ. ನನ್ನ ಸೇರಿಸ್ಬ್ಯಾಡ."