ಅವಳ ಸೀಟಿನಲ್ಲಿ ಹೋದವನ ತಾಯಿ

ಮಿಲ್ಪಿಟಾಸ್‌ನ ಈ ಟೌನ್‌ಹೌಸಿನ ಕೆಳಗಿನ ಕೋಣೆಯಲ್ಲಿ ನಾನು ಬಹಳ ವರ್ಷ ಡೇಕೇರ್ ನಡೆಸಿದೆ. ಫ್ರೀವೇ ತುಂಬಿಕೊಳ್ಳುವ ಮೊದಲೇ ಮಕ್ಕಳನ್ನು ಕರೆತಂದು, ಅರೆನಿದ್ದೆಯಲ್ಲಿದ್ದವರನ್ನು ಹಾಗೇ ನನ್ನ ತೋಳಿಗೆ ದಾಟಿಸಿ ತಾಯಂದಿರು ಆಫೀಸಿಗೆ ಓಡುತ್ತಿದ್ದರು. ಆ ಮಕ್ಕಳಲ್ಲಿ ಮಂಡ್ಯದ ಕಡೆಯ ಎಂಜಿನಿಯರ್ ದಂಪತಿಯ ಮಗಳೊಬ್ಬಳಿದ್ದಳು. ಮಧ್ಯಾಹ್ನ ಎಲ್ಲರೂ ಮಲಗಿದರೂ ಅವಳು ಮಲಗುತ್ತಿರಲಿಲ್ಲ. ಬಾಗಿಲ ಬಳಿ ಕೂತು ಎಲ್ಲರ ಶೂಗಳನ್ನೂ ಜೋಡಿ ಮಾಡಿ ಇಡುತ್ತಿದ್ದಳು.

ಅವಳೀಗ ಗಗನಯಾತ್ರಿ. ಲಿವರ್‌ಮೋರ್ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತಾಗ ಈ ವಿಷಯವನ್ನು ಹೇಗಾದರೂ ಮಾತಿಗೆ ತಂದೇ ತರುತ್ತೇನೆ. ಅದೊಂದೇ ನನ್ನ ವ್ಯಾನಿಟಿ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕ್ಷಮಿಸಲಿ. ಕೇಳಿದವರು ಕಣ್ಣರಳಿಸಿ, "ಹೌದಾ! ಯಾವಾಗ ಹೋಗಿದ್ರು ಮೇಲಕ್ಕೆ?" ಎನ್ನುತ್ತಾರೆ. "ಇನ್ನೂ ಹೋಗಿಲ್ಲ" ಎಂದರೆ ಒಂದು ಪೊಲೈಟ್ ನಗೆ ನಕ್ಕು ಬಿಸಿಬೇಳೆಬಾತಿನ ಕಡೆ ತಿರುಗುತ್ತಾರೆ.

ಅವರಿಗೇನು ಗೊತ್ತು? ಆ ಕೆಲಸದ ಹೆಚ್ಚಿನ ಭಾಗವೆಲ್ಲ ನೆಲದ ಮೇಲೆಯೇ. ಅವಳ ಬ್ಯಾಚಿನವರು ಎರಡು ವರ್ಷ ಟ್ರೇನಿಂಗ್ ಮುಗಿಸಿದಾಗ ಎಲ್ಲರಿಗೂ ಒಂದೊಂದು ಬೆಳ್ಳಿಯ ಪಿನ್ ಕೊಟ್ಟರು. ಮೇಲೆ ಹೋಗಿ ಬಂದವರಿಗೆ ಬಂಗಾರದ್ದು. ಹಿಂದಿನ ಬ್ಯಾಚಿನವರು ಸಂಪ್ರದಾಯದಂತೆ ಇವರಿಗೊಂದು ಅಡ್ಡಹೆಸರನ್ನೂ ಇಟ್ಟರು: ಕೋಳಿಗಳು. ರೆಕ್ಕೆ ಇದೆ, ಹಾರುವುದಿಲ್ಲ. ಆಮೇಲೆ ಆ ಕೋಳಿಗಳಲ್ಲಿ ಒಬ್ಬ ಬಹಳ ಬೇಗ ಹಾರಿದ. ಇನ್ನೊಬ್ಬಳು ಎರಡು ಸಲ ಹೋಗಿ, ಹೊರಗೆ ಶೂನ್ಯದಲ್ಲಿ ತೇಲುತ್ತ ಬೋಲ್ಟು ತಿರುಗಿಸಿ ಬಂದಳು. ಮತ್ತೊಬ್ಬನನ್ನು ಚಂದ್ರನ ಕಡೆಯ ತಯಾರಿಗೆ ಎತ್ತಿಕೊಂಡರು. ಒಬ್ಬಾಕೆ ಕಾದು ಕಾದು ಬೇಸತ್ತು ಕಾಲೇಜಿನಲ್ಲಿ ಪಾಠ ಮಾಡಲು ಹೋದಳು. ನಮ್ಮ ಹುಡುಗಿ ನೆಲದಲ್ಲಿ ಹೆಡ್‌ಸೆಟ್ ಹಾಕಿಕೊಂಡು ಮೇಲಿದ್ದವರೊಡನೆ ಮಾತಾಡುವ ಕೆಲಸ ಮಾಡುತ್ತಿದ್ದಳು. ಮೇಲೆ ಟಾಯ್ಲೆಟ್ಟು ಕೆಟ್ಟರೆ ಬಿಚ್ಚುವುದು ಹೇಗೆಂದು ಸಮಾಧಾನವಾಗಿ ಓದಿ ಹೇಳುವವಳು ಅವಳೇ.

ಕೊನೆಗೆ ಅವಳ ಸರದಿಯೂ ಬಂತು. ಸೀಟು ಗೊತ್ತಾಯಿತು, ಸೂಟಿನ ಅಳತೆ ತೆಗೆದರು, ಆ ಒಂದು ಸೀಟಿಗಾಗಿ ಹಗಲೆಲ್ಲ ಅಭ್ಯಾಸ ಮಾಡಿದಳು. ಹೊರಡಲು ಇನ್ನು ಕೆಲವೇ ತಿಂಗಳು ಎನ್ನುವಾಗ ಸ್ಕ್ಯಾನಿನಲ್ಲಿ ಅವಳ ಕಿಡ್ನಿಯಲ್ಲೊಂದು ಸಣ್ಣ ಕಲ್ಲು ಕಾಣಿಸಿತು. ಅವಳಿಗೆ ಬದಲಿಯಾಗಿ ತಯಾರಾಗಿದ್ದವನು ಅದೇ ಬ್ಯಾಚಿನ ಗೆಳೆಯ. ಸೀಟು ಅವನಿಗೆ ಹೋಯಿತು.

ಸುದ್ದಿ ಕೇಳಿದ ದಿನ ನಾನು ಇಂಡಿಯನ್ ಗ್ರೋಸರಿಗೆ ಹೋಗಿ ಬಾಳೆದಿಂಡು, ಹುರುಳಿಕಾಳು ತಂದು ಅವಳಿಗೆ ಫೋನ್ ಮಾಡಿದೆ.

"ಪಲ್ಯ ಮಾಡಿ ಫ್ರೀಜ್ ಮಾಡಿ ಕಳಿಸ್ತೀನಿ. ಹುರುಳಿ ಕಟ್ಟನ್ನ ನೀನೇ ಮಾಡ್ಕೊಂಡು ಕುಡಿ."

"ಆಂಟಿ, ಇಲ್ಲಿ ನಮ್ಮನ್ನ ನೋಡ್ಕೊಳ್ಳೋಕೆ ಫ್ಲೈಟ್ ಸರ್ಜನ್ಸ್ ಇದ್ದಾರೆ."

"ಇರ್ಲಿ. ಅವರಿಗೆ ಬಾಳೆದಿಂಡು ಗೊತ್ತಾ?"

ಅವಳು ನಕ್ಕಳು. ಆ ನಗು ಅಳುವಿಗೆ ತೀರಾ ಹತ್ತಿರವಿತ್ತು, ನಾನು ಮಾತು ಬದಲಿಸಿದೆ.

ಆಮೇಲೊಂದು ಭಾನುವಾರ, ಸ್ಯಾನ್ ಹೊಸೆಯಲ್ಲಿರುವ ಅಮ್ಮನ ಮನೆಗೆ ಬಂದವಳು ಒಬ್ಬಳೇ ಕಾರು ತೆಗೆದುಕೊಂಡು ನನ್ನಲ್ಲಿಗೆ ಬಂದಳು. ಉಪ್ಪಿಟ್ಟನ್ನು ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಸುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಆಂಟಿ, ಅವನು ನನ್ನ ಕೇಳ್ದ."

"ಏನಂತ? ಮದುವೆಯಾಗು ಅಂತಾನಾ?"

"ಆಂಟೀ! ಲಾಂಚ್ ದಿನ ಅವನ ಅಮ್ಮನ ಜೊತೆ ಇರು ಅಂತ."

ಅದು ಅವರಲ್ಲಿ ಒಂದು ಪದ್ಧತಿಯಂತೆ. ಹೊರಟವರು ತಮ್ಮ ಮನೆಯವರನ್ನು ಸಹೋದ್ಯೋಗಿಯೊಬ್ಬರ ಕೈಗೆ ಒಪ್ಪಿಸಿ ಹೋಗುತ್ತಾರೆ. ಅವರನ್ನು ಕರೆತರುವುದು, ಊಟ ತಿಂಡಿ ನೋಡಿಕೊಳ್ಳುವುದು, ರಾಕೆಟ್ ಏಳುವಾಗ ಪಕ್ಕದಲ್ಲಿ ನಿಲ್ಲುವುದು ಎಲ್ಲ ಆ ಒಬ್ಬರದೇ ಹೊಣೆ. ಆಗಬಾರದ್ದು ಆದರೆ ಆ ತಾಯಿಯ ಕಡೆ ತಿರುಗಿ ಬಾಯಿ ತೆರೆಯಬೇಕಾದವರೂ ಅವರೇ. ಇವನಿಗೆ ಇದ್ದವಳು ತಾಯಿಯೊಬ್ಬಳು. ಎಲ್ಲೋ ಜೋಳದ ಹೊಲಗಳ ಕಡೆಯ ವಯಸ್ಸಾದ ಹೆಂಗಸು, ಬಹಳ ಹೆದರಿದ್ದಳಂತೆ. ಬೆಳಗಾದರೆ ಅವನಿಗೆ ಉತ್ತರ ಹೇಳಬೇಕಿತ್ತು.

"ಆಗಲ್ಲ ಅನ್ನು," ಎಂದೆ. "ನಿನ್ನ ಸೀಟೂ ಅವನಿಗೆ, ಅವನಮ್ಮನ ಸೇವೆಯೂ ನಿನಗೇನಾ? ದಟ್ ಈಸ್ ದ ಲಿಮಿಟ್."

"ಅವನು ಕಿತ್ಕೊಂಡಿಲ್ಲ ಆಂಟಿ. ಅವರು ಕೊಟ್ರು."

"ನನಗೆ ಎರಡೂ ಒಂದೇ. ಅಮ್ಮಂಗೆ ಹೇಳಿದ್ಯಾ?"

"ಅಮ್ಮ ಅಳ್ತಾರೆ. ನೀವು ಬೈತೀರ. ಬೈಸ್ಕೊಳ್ಳೋದು ಈಸಿ." ಅವಳು ತಟ್ಟೆ ಪಕ್ಕಕ್ಕಿಟ್ಟಳು. "ಇಲ್ಲ ಅಂದ್ರೆ ಎಲ್ಲರೂ ಐ ಆಮ್ ಸಲ್ಕಿಂಗ್, ಮುಖ ಊದಿಸ್ಕೊಂಡಿದೀನಿ ಅನ್ಕೊಳ್ತಾರೆ. ಹೂಂ ಅಂದ್ರೆ ಅಲ್ಲಿ ನಿಂತು ನೋಡ್ಬೇಕು. ನನ್ನ ಕೈಲಾಗತ್ತಾ, ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. "ಆ ಹೆಂಗಸು ಅಷ್ಟು ದೂರದಿಂದ ಏನು ತಾನೇ ನೋಡ್ತಾಳೆ?" ಎಂದು ಕೇಳಿದೆ.

ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಹಿತ್ತಲಿನ ನಿಂಬೆ ಗಿಡದ ಕಡೆ ಕೈ ತೋರಿಸಿದಳು. "ಅದು ರಾಕೆಟ್ಟು ಅನ್ಕೊಳಿ. ಹೊಗೆ ಬರ್ತಿದೆ, ಹೆದರ್ಬೇಡಿ, ಅದು ಬರೀ ತಣ್ಣನೆ ಆವಿ. ಈಗ ಅವನು ಮುಖದ ಮೇಲಿನ ಗಾಜು ಮುಚ್ಕೊಂಡ. ಒಳಗೆ ಸೈಲೆಂಟು. ತನ್ನ ಉಸಿರು ಮಾತ್ರ ಕೇಳ್ತಿದೆ."

"ಹೂಂ."

"ಈಗ ಬೆಂಕಿ. ಆದ್ರೆ ಶಬ್ದ ಇಲ್ಲ."

"ಯಾಕಿಲ್ಲ? ಏನಾಯ್ತು?"

"ಬರತ್ತೆ. ನಾವು ದೂರ ಇದೀವಲ್ಲ, ಬೆಳಕು ಮೊದಲು ಬರತ್ತೆ. ಮನೆಯವರಿಗೆಲ್ಲ ಭಯ ಆಗೋದೇ ಅಲ್ಲಿ." ಅವಳು ನನ್ನ ಕೈ ಹಿಡಿದುಕೊಂಡಳು. "ಬರತ್ತೆ, ಬರತ್ತೆ... ಈಗ ಬಂತು. ಎದೆ ಮೇಲೆ ಯಾರೋ ಗುದ್ದಿದ ಹಾಗೆ ಬಂತು. ಅವನಿಗೂ ಎದೆ ಮೇಲೆ ಭಾರ, ಪಕ್ಕೆಲ್ಲ ಒತ್ತುತ್ತಿದೆ. ನಗ್ತಿರ್ತಾನೆ ಅವನು. ಈಗ ಮೊದಲನೇ ಎಂಜಿನ್ ಆಫ್. ಒಂದು ಕ್ಷಣ ಏನೂ ಇಲ್ಲ, ಮುಂದಕ್ಕೆ ಬಿದ್ದ ಹಾಗೆ."

"ಅಯ್ಯೋ."

"ಅದು ಹಾಗೇ ಆಗ್ಬೇಕು ಆಂಟಿ. ನೋಡಿ, ಎರಡನೇದು ಶುರು. ಬೆನ್ನಿಗೆ ಒದ್ದ ಹಾಗೆ. ಇನ್ನು ಕಣ್ಣಿಗೆ ಏನೂ ಕಾಣಲ್ಲ. ನಾನು ಹೇಳೋವರೆಗೂ ಕೈ ಬಿಡ್ಬೇಡಿ." ಅವಳು ನಿಂಬೆ ಗಿಡದ ಮೇಲಿನ ಆಕಾಶವನ್ನೇ ನೋಡುತ್ತಿದ್ದಳು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಬಹಳ ಹೊತ್ತಿನ ಮೇಲೆ, "ಎಂಜಿನ್ ನಿಂತಿತು. ಅವನ ಮುಂದೆ ಪೆನ್ಸಿಲ್ಲು ತೇಲ್ತಿದೆ. ಅವನು ಮೇಲಿದಾನೆ. ಈಗ ಬೇಕಾದ್ರೆ ಅಳಿ," ಎಂದಳು.

ನಾನಾಗಲೇ ಅಳುತ್ತಿದ್ದೆ.

"ನೀವು ಅಳಲ್ಲ ಅನ್ಕೊಂಡಿದ್ದೆ!"

"ಸುಮ್ನಿರೇ."

ಕೈ ಬಿಡಿಸಿಕೊಳ್ಳದೆ ಅವಳು ಹಾಗೇ ಕೂತಿದ್ದಳು. ಆಮೇಲೆ, ನನಗೆ ಹೇಳಿದ್ದೋ ತನಗೋ, "ಆ ಸೀಟಲ್ಲಿ ಪ್ರಾಕ್ಟೀಸ್ ಮಾಡಿರೋದು ನಾವಿಬ್ರೇ. ಅವನು ಒಳಗಿರ್ತಾನೆ. ಅವನಮ್ಮಂಗೆ ಇನ್ಯಾರು ಇದನ್ನ ಹೇಳ್ತಾರೆ?" ಎಂದಳು. ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಗಾಜಿನ ಬಾಗಿಲಿನಾಚೆ ಅವಳ ಮಾತು ಕೇಳಿಸಲಿಲ್ಲ. ಒಮ್ಮೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು, ಒಮ್ಮೆ ಜೋರಾಗಿ ನಕ್ಕಳು. ಒಳಗೆ ಬಂದು ತಣ್ಣಗಾದ ಉಪ್ಪಿಟ್ಟನ್ನು ಪೂರ್ತಿ ತಿಂದಳು.

ಲಾಂಚ್ ದಿನ ದೇವರಿಗೆ ದೀಪ ಹಚ್ಚಿ ಟಿವಿ ಮುಂದೆ ಕೂತೆ. ಅವಳು ಕೂರಬೇಕಿದ್ದ ಜಾಗದಲ್ಲಿ ಕೂತಿದ್ದವನ ಮುಖ ತೋರಿಸಿದರು. ಐ ಮಸ್ಟ್ ಸೇ, ಒಳ್ಳೆಯ ಮುಖ. ಕೋಪ ಇಟ್ಟುಕೊಳ್ಳಲು ಕಷ್ಟಪಟ್ಟೆ, ಆಗಲಿಲ್ಲ. ಟಿವಿಯಲ್ಲಿ ಬೆಂಕಿಯೂ ಶಬ್ದವೂ ಒಟ್ಟಿಗೇ ಬಂದವು. ನಾನು ಮಾತ್ರ ಅವಳೂ ಆ ತಾಯಿಯೂ ನಿಂತಿದ್ದ ಕಡೆ, ಶಬ್ದ ಇನ್ನೂ ತಲುಪದ ಆ ಹೊತ್ತಿನಲ್ಲಿ ಇದ್ದೆ. ಕ್ಯಾಮೆರಾ ಅವರ ಕಡೆ ತಿರುಗಲೇ ಇಲ್ಲ.

ಸಂಜೆ ಅವಳ ಫೋನ್ ಬಂತು.

"ಅವನಮ್ಮ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ರು ಅಂದ್ರೆ, ಅವರ ಉಂಗುರದ ಗುರುತು ಇನ್ನೂ ಇದೆ ಆಂಟಿ."

"ನೀನು ಅತ್ತ್ಯಾ?"

"ಆಮೇಲೆ. ಕಾರಲ್ಲಿ, ಒಬ್ಬಳೇ. ತುಂಬ ಅತ್ತೆ." ಹಾಗೇ ಮುಂದುವರಿಸಿದಳು. "ಹಿಂದಿನ ದಿನ, ಜ್ವರ ಗಿರ ಅಂಟಬಾರ್ದು ಅಂತ ಅವನನ್ನ ಕ್ವಾರಂಟೈನಲ್ಲಿ ಇಟ್ಟಿದ್ರಲ್ಲ, ರಸ್ತೆ ಆಚೆಯಿಂದ ಕೂಗಿ ಕೇಳ್ದ. ನಿನ್ನ ಸರದಿ ಬಂದಾಗ ನಾನು ಯಾರ ಪಕ್ಕ ನಿಂತ್ಕೋಬೇಕು ಅಂತ."

"ನೀನೇನಂದೆ?"

"ಅಮ್ಮ ಅಪ್ಪ. ಆಮೇಲೆ ಮಿಲ್ಪಿಟಾಸಲ್ಲಿ ಒಬ್ರು ಮುದುಕಿ. ತುಂಬ ಪ್ರಶ್ನೆ ಕೇಳ್ತಾರೆ, ಬೈತಾರೆ, ಈಗಿಂದ್ಲೇ ರೆಡಿಯಾಗು ಅಂದೆ."

"ಮುದುಕಿ ಅಂದ್ಯಾ ನನ್ನ?"

"ಇಂಗ್ಲಿಷಲ್ಲಿ ಸ್ವಲ್ಪ ಡೀಸೆಂಟಾಗೇ ಹೇಳ್ದೆ."

ಮನೆಯವರ ಲೆಕ್ಕದಲ್ಲಿ ನಾನೂ ಇದ್ದೆ. ಸಂಬಳದ ತಾಯಿಯ ಹಾಗೆ ಎಷ್ಟೋ ಮಕ್ಕಳನ್ನು ಹಗಲು ಎತ್ತಿಕೊಂಡು ಸಂಜೆ ವಾಪಸು ಕೊಟ್ಟವಳು ನಾನು.

ಅವಳ ಸರದಿ ಯಾವಾಗ, ಬರುತ್ತದೆಯೋ ಇಲ್ಲವೋ, ಯಾರೂ ಹೇಳಿಲ್ಲ. ಡಾಕ್ಟರುಗಳು ಮತ್ತೆ ಸ್ಕ್ಯಾನ್ ಮಾಡಬೇಕು. ಈ ನಡುವೆ ಹೊಸ ಬ್ಯಾಚು ಬಂದಿದೆ, ಸಾಲು ಉದ್ದವಾಗಿದೆ. ನನ್ನ ವಯಸ್ಸೂ ಸುಮ್ಮನೆ ಕೂತಿಲ್ಲ. ಅವತ್ತು ಫೋನ್ ಇಡುವ ಮೊದಲು, ಮನೆಯವರೆಲ್ಲ ನಿಲ್ಲುವ ಜಾಗ ಎಲ್ಲಿ ಎಂದು ವಿಚಾರಿಸಿಕೊಂಡೆ. ಒಂದು ಕಟ್ಟಡದ ಛಾವಣಿಯಂತೆ. ಕೊನೆಗೆ ಒಂದಷ್ಟು ಮೆಟ್ಟಿಲು ಹತ್ತಲೇಬೇಕಂತೆ.

ಬೆಳಿಗ್ಗೆ ಕಾಫಿಯಾದ ಮೇಲೆ ಈಗ ನಾನು ಕಂಬಿ ಹಿಡಿದು ಈ ಮನೆಯ ಮೆಟ್ಟಿಲನ್ನು ಹತ್ತಿ ಇಳಿಯುತ್ತೇನೆ. ಮಂಡಿ ಬೇಡ ಎನ್ನುತ್ತದೆ. ನಾನು ಕೇಳುವುದಿಲ್ಲ.